ಮಗಳ ಜಾಮಿಟ್ರಿ ಬಾಕ್ಸಲ್ಲಿ ಪುಟ್ಟ ಪುಸ್ತಕ ಸಿಕ್ತು, ಬೆಂಚಲ್ಲಿ ಪಕ್ಕ ಕೂರೋ ಹುಡುಗಿ ಕೊಟ್ಟಿದ್ದು. ಶಾಲೆಗೆ ಹೇಳ್ಲಾ ಬೇಡ್ವಾ?

ನಿಟ್ಟುವಳ್ಳಿ_ಅಮ್ಮ

ಎಲ್ರಿಗೂ ನಮಸ್ಕಾರ. ಇಲ್ಲಿ ಮೇಷ್ಟ್ರುಗಳು, ಲಾಯರ್‌ಗಳು ಎಲ್ಲಾ ಇದೀರ ಅಂತ ಕೇಳ್ತಾ ಇದೀನಿ. ದಯವಿಟ್ಟು ಇದ್ರಲ್ಲಿ ಪಾರ್ಟಿ ಪಕ್ಷ ತರಬೇಡಿ.

ನಾವು ದಾವಣಗೆರೆನೇ. ಮಗಳು ಸರ್ಕಾರಿ ಹೈಸ್ಕೂಲಲ್ಲಿ 8ನೇ ಕ್ಲಾಸು. ಮೊನ್ನೆ ಗುರುವಾರ ಬಟ್ಟೆಗೆ ಗುರುತು ಹಾಕೋಕೆ ಪೆನ್ಸಿಲ್ ಬೇಕಿತ್ತು (ಮನೇಲೇ ಬ್ಲೌಸ್ ಹೊಲೀತೀನಿ) ಅಂತ ಅವಳ ಜಾಮಿಟ್ರಿ ಬಾಕ್ಸ್ ತೆಗೆದೆ, ಕೋನಮಾಪಕದ ಅಡಿಗೆ ಒಂದು ಪುಟ್ಟ ಪುಸ್ತಕ ಇತ್ತು, ಬೆಂಕಿಪೊಟ್ಣದಷ್ಟೇ, ನೀಲಿ ರಟ್ಟಿಂದು. ಒಳಗೆ ಕನ್ನಡದಲ್ಲಿ ಯೇಸು ಕತೆ, ಕೊನೇ ಪುಟದಲ್ಲಿ ಒಂದು ಪ್ರಾರ್ಥನೆ, ಅದರ ಕೆಳಗೆ ಚುಕ್ಕೆ ಚುಕ್ಕೆ ಗೆರೆ, ನಿಮ್ಮ ಹೆಸರು ಬರೆದು ತಾರೀಖು ಹಾಕಿ ಅಂತ. ಹೆಸರು ಬರೆದಿರ್ಲಿಲ್ಲ. ಆದ್ರೆ ಮಗಳ ಹೆಸರಿನ ಮೊದಲನೇ ಅಕ್ಷರ ಪೆನ್ಸಿಲ್ಲಲ್ಲಿ ಬರೆದು ರಬ್ಬರಲ್ಲಿ ಉಜ್ಜಿದ ಗುರುತು ಕಾಣ್ತಾ ಇತ್ತು. ಅದನ್ನ ನೋಡಿ ನನಗೆ ಕೈ ನಡುಗಿಬಿಡ್ತು.

ಕೊಟ್ಟಿದ್ದು ಅವಳ ಪಕ್ಕದಲ್ಲಿ ಕೂರೋ ಗೆಳತಿ. ಇಬ್ರೂ 6ನೇ ಕ್ಲಾಸಿಂದ ಜೊತೆ, ನಮ್ಮನೆ ರೊಟ್ಟಿ ಅವಳು ತಿಂತಾಳೆ ಅವರ ಮನೆ ಚಿತ್ರಾನ್ನ ಇವಳು ತಿಂತಾಳೆ. ಆ ಮನೆಯವರು ಮೊದಲು ನಮ್ಮ ಜೊತೆನೇ ದುಗ್ಗಮ್ಮನ ಜಾತ್ರೆಗೆ ಬರ್ತಿದ್ರು. ಆ ಹುಡುಗಿ ಅಪ್ಪ ವಿಪರೀತ ಕುಡೀತಿದ್ದ, ಯಾರೋ ಪ್ರಾರ್ಥನೆಗೆ ಕರ್ಕೊಂಡು ಹೋದ್ರಂತೆ, ಕುಡಿಯೋದು ಬಿಟ್ಟ, ಅಲ್ಲಿಂದ ಇಡೀ ಮನೆಯವರು ಭಾನುವಾರ ಪ್ರಾರ್ಥನಾ ಮಂದಿರಕ್ಕೆ ಹೋಗ್ತಾರೆ. ಅದು ಅವರ ಇಷ್ಟ, ನನಗೆ ಅದ್ರ ಬಗ್ಗೆ ಬೇಜಾರಿಲ್ಲ, ಆ ಹೆಂಗಸು ಈಗ ಹೊಡೆತ ತಿನ್ನದೆ ನೆಮ್ಮದಿಯಾಗಿ ಐತಲ್ಲ ಅಂತ ನನಗೆ ಖುಷಿನೇ.

ಆದ್ರೆ ನಮ್ಮ ಅತ್ತೆ ಶ್ರಾವಣದಲ್ಲಿ ತೀರ್ಕೊಂಡ್ರು. ಮಗಳಿಗೆ ಅಜ್ಜಿ ಅಂದ್ರೆ ಜೀವ. ಅವತ್ತಿಂದ ರಾತ್ರಿ ಎದ್ದು ಅಳ್ತಿದ್ಲು, ಅಜ್ಜಿ ನೆನಪು ಅಂದ್ಕೊಂಡು ಸುಮ್ನಿದ್ದೆ. ಪುಸ್ತಕ ಸಿಕ್ಕ ಮೇಲೆ ಕೂರಿಸ್ಕೊಂಡು ಕೇಳಿದ್ರೆ ಬಾಯಿ ಬಿಟ್ಲು. ಆ ಹುಡುಗಿ ಇವಳಿಗೆ "ನಿಮ್ಮಜ್ಜಿ ಯೇಸುನ ನಂಬಿರ್ಲಿಲ್ಲ ಅಲ್ವಾ, ಅವರು ಬೆಂಕಿ ಇರೋ ಜಾಗದಲ್ಲಿ ಇರ್ತಾರೆ, ನೀನಾದ್ರೂ ಅಲ್ಲಿಗೆ ಹೋಗ್ಬೇಡ ಕಣೇ" ಅಂತ ಹೇಳ್ಯಾಳೆ. ಇವಳು ಬೇಡ ಸುಮ್ನಿರು ಅಂದ್ರೂ ದಿನಾ ಅದೇ ಮಾತಂತೆ. ಕ್ಲಾಸಲ್ಲಿ ಜಾಗ ಬದಲಾಯಿಸ್ಕೊಳ್ಳೋ ಹಂಗಿಲ್ಲ, ಟೀಚರ್ ಕೂರಿಸಿದ ಕಡೆ ಕೂರ್ಬೇಕು.

ಕ್ಲಾಸ್ ಟೀಚರಿಗೆ ಫೋನ್ ಮಾಡಿದ್ರೆ "ಮಕ್ಕಳ ಮಾತು ಬಿಡ್ರೀ ಮೇಡಂ" ಅಂದ್ರು. ನಮ್ಮ ಮೈದುನ ಸೋಮವಾರ ಹುಡುಗರನ್ನ ಕರ್ಕೊಂಡು ಶಾಲೆ ಗೇಟಿಗೆ ಹೋಗ್ತೀನಿ, ಆ ಹುಡುಗಿಗೆ ಟಿಸಿ ಕೊಡಿಸೇ ಬರೋದು ಅಂತ ಕೂತಿದಾನೆ. ಕೈಮುಗಿದು ತಡೆದಿದೀನಿ. ನಮ್ಮನೆಯವರು ಶಾಲೆನೇ ಬಿಡಿಸೋಣ ಅಂತಾರೆ. ನನಗೆ ಮಗಳ ನಿದ್ದೆನೂ ಬೇಕು ಆ ಹುಡುಗಿ ಶಾಲೆನೂ ತಪ್ಪಬಾರ್ದು. ಮಕ್ಕಳು ಮಕ್ಕಳಿಗೆ ಹಿಂಗೆ ಧರ್ಮದ ಬಗ್ಗೆ ಹೇಳ್ಬೋದಾ, ನಿಯಮ ಏನೈತೆ, ಯಾರಿಗೆ ಹೇಳ್ಬೇಕು, ಹೆಂಗೆ ಹೇಳ್ಬೇಕು?

ದುರ್ಗದ_ಹುಡ್ಗ

ಅಕ್ಕ ಇದ್ರಲ್ಲಿ ಯೋಚನೆ ಮಾಡೋದೇನೈತೆ. ಇದು ಆ ಮಗು ಮಾಡ್ತಿರೋದಲ್ಲ, ಹಿಂದೆ ದೊಡ್ಡೋರು ಇರ್ತಾರೆ, ಪುಸ್ತಕ ಪ್ರಿಂಟ್ ಮಾಡಿದ್ದು ಆ ಮಗುನಾ? 2022ರಲ್ಲಿ ಮತಾಂತರ ಕಾಯ್ದೆ ಬಂದೈತಲ್ಲ, ಅಪ್ರಾಪ್ತರು ಅಂದ್ರೆ ಶಿಕ್ಷೆ ಇನ್ನೂ ಜಾಸ್ತಿ. ಪೊಲೀಸ್ ಕಂಪ್ಲೇಂಟ್ ಕೊಡಿ, ಹೆದರ್ಕೋಬೇಡಿ. ತೀರಿಹೋದ ಅಜ್ಜಿ ಬಗ್ಗೆ ಹಂಗಂದ್ರೆ ಯಾರಿಗಾದ್ರೂ ಹೊಟ್ಟೆ ಉರಿಯಲ್ವಾ, ನನಗೆ ಓದೇ ಉರೀತಾ ಐತೆ.

ಚಳ್ಳಕೆರೆ_ಮೇಷ್ಟ್ರು

ತಾಯಿ, ನಿಮ್ಮ ಮೈದುನನ್ನ ತಡೆದಿರಲ್ಲ, ಅರ್ಧ ಕೆಲಸ ಅಲ್ಲೇ ಆಗಿದೆ. ಇನ್ನರ್ಧ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ನಾನು ಚಳ್ಳಕೆರೆ ತಾಲ್ಲೂಕಿನಲ್ಲಿ ಹೈಸ್ಕೂಲ್ ಮೇಷ್ಟ್ರಾಗಿ ಕೊನೇ ಕೆಲವು ವರ್ಷ ಹೆಡ್‌ಮಾಸ್ಟರಾಗಿ ರಿಟೈರ್ ಆದೋನು. ಶಾಲೆಗೆ ಮಗು ಬರೋವಾಗ ಮನೆ ದೇವರನ್ನ ಗೇಟಿನ ಹೊರಗೆ ಬಿಟ್ಟು ಬರಲ್ಲ. ಹಣೆಗೆ ವಿಭೂತಿ, ಕೈಗೆ ತಾಯಿತ, ಕೊರಳಲ್ಲಿ ಲಿಂಗ, ಶಿಲುಬೆ, ರಂಜಾನ್ ತಿಂಗಳಲ್ಲಿ ಬಿಸಿಯೂಟದ ಹೊತ್ತಿಗೆ ಮರದಡಿ ಕೂತಿರೋ ಹುಡುಗರು, ಇದನ್ನೆಲ್ಲ ಮೂವತ್ತು ವರ್ಷ ನೋಡಿದೀನಿ. ನಮ್ಮ ಕಡೆ ನಾಯಕನಹಟ್ಟಿ ತೇರಿನ ದಿನ ಹಾಜರಿ ಪುಸ್ತಕ ಅರ್ಧಕ್ಕರ್ಧ ಖಾಲಿ, ಯಾರೂ ಅದನ್ನ ತಪ್ಪು ಅಂತ ಬರೀತಿರ್ಲಿಲ್ಲ. ಮಗು ತನ್ನ ನಂಬಿಕೆ ತಾನು ಇಟ್ಕೊಳ್ಳೋದು, ಗೆಳೆಯ ಕೇಳಿದ್ರೆ ನಮ್ಮನೇಲಿ ಹಿಂಗೆ ಪೂಜೆ ಮಾಡ್ತೀವಿ, ಹಿಂಗೆ ನಮಾಜ್ ಮಾಡ್ತೀವಿ ಅಂತ ಹೇಳೋದು, ಇದಕ್ಕೆ ಯಾವ ಮೇಷ್ಟ್ರೂ ಅಡ್ಡ ಬರಬಾರದು. ಅಡ್ಡ ಬರಬೇಕಾಗಿರೋದು ಇನ್ನೊಂದು ಮಗು ಬೇಡ ಅಂದ ಮೇಲೂ ಬಿಡದೆ ಹಿಂದೆ ಬಿದ್ದಾಗ. ದೊಡ್ಡೋರಿಗಾದ್ರೆ ಬೇಡ ಅಂದ್ರೆ ಎದ್ದು ಹೋಗೋ ದಾರಿ ಇರುತ್ತೆ, ಬಸ್ ಸ್ಟ್ಯಾಂಡಲ್ಲಿ ಯಾರಾದ್ರೂ ಪಾಂಪ್ಲೆಟ್ ಕೊಟ್ರೆ ಈಸ್ಕೊಳ್ಳದೆ ಮುಂದಕ್ಕೆ ಹೋಗ್ತೀವಿ. ನಿಮ್ಮ ಮಗಳು ಎಲ್ಲಿಗೆ ಹೋಗ್ಬೇಕು? ಟೀಚರ್ ಕೂರಿಸಿದ ಬೆಂಚು ಅದು, ಏಳು ಪಿರಿಯಡ್ ಅಲ್ಲೇ ಕೂರಬೇಕು. ಕ್ಲಾಸ್ ಟೀಚರ್ "ಮಕ್ಕಳ ಮಾತು" ಅಂದಿದ್ದು ತಪ್ಪು ಅನ್ನೋದು ಅದಕ್ಕೆ.

ನಮ್ಮ ಶಾಲೆಯಲ್ಲಿ ನಡೆದದ್ದು ಒಂದು ಹೇಳ್ತೀನಿ. ಒಂದು ಡಿಸೆಂಬರ್‌ನಲ್ಲಿ 10ನೇ ಕ್ಲಾಸಿನ ಐದು ಹುಡುಗರು ಅಯ್ಯಪ್ಪ ಮಾಲೆ ಹಾಕಿದ್ರು. ಕಪ್ಪು ಬಟ್ಟೆ, ಬರಿಗಾಲು, ನಾವೂ ಸ್ವಾಮಿ ಅಂತಲೇ ಕರೀತಿದ್ವಿ. ಒಂದು ವಾರಕ್ಕೆ ಅವರು ಊಟದ ಸಾಲಲ್ಲಿ "ಮೊಟ್ಟೆ ತಿನ್ನೋರು ಆ ಕಡೆ ಕೂತ್ಕೊಳಿ" ಅನ್ನೋಕೆ ಶುರು ಮಾಡಿದ್ರು, ಆಮೇಲೆ ಆ ಮಾತು ಯಾವ ಕೇರಿ ಹುಡುಗರ ಮೇಲೆ ಹೋಯ್ತು ಅಂತ ನಿಮಗೆ ಬಿಡಿಸಿ ಹೇಳ್ಬೇಕಿಲ್ಲ. ಐದೂ ಜನನ್ನ ರೂಮಿಗೆ ಕರೆಸಿ ಕೂರಿಸಿದೆ. ಮಾಲೆ ತೆಗೀರಿ ಅನ್ನಲಿಲ್ಲ. ವ್ರತದ ಊಟ ಮನೆಯಿಂದ ತನ್ನಿ, ಆದ್ರೆ ಅದೇ ಸಾಲಲ್ಲಿ ಕೂತು ತಿನ್ನಿ, ವ್ರತ ನಿಮ್ಮದು ಅವರದ್ದಲ್ಲ, ಅವರ ತಟ್ಟೆ ಸರಿಸೋ ಅಧಿಕಾರ ನಿಮಗೆ ಯಾರು ಕೊಟ್ರು ಅಂತ ಕೇಳಿದೆ. ಇಬ್ಬರು ಮುಖ ಊದಿಸ್ಕೊಂಡ್ರು, ಮೂವರು ಮಾರನೇ ದಿನನೇ ಬಂದು ಸಾಲಲ್ಲಿ ಕೂತ್ರು.

ನನ್ನ ತಪ್ಪೂ ಒಂದಿದೆ. ನಾನು ಮೊದಲು ಇದ್ದ ಶಾಲೆಯಲ್ಲಿ ಪ್ರತಿ ಶುಕ್ರವಾರ ಶಾರದಾ ಪೂಜೆ, ಮಗುಗೆ ಇಷ್ಟು ಅಂತ ದುಡ್ಡು ಎತ್ತೋದು, ಮಂಗಳಾರತಿ ಆದ ಮೇಲೆ ಮಂಡಕ್ಕಿ ಬೆಲ್ಲ ಹಂಚೋದು. ಒಬ್ಬ ಹುಡುಗ ಆ ಹೊತ್ತಿಗೆ ನಲ್ಲಿ ಹತ್ರ ಹೋಗಿ ತೊಳೆದ ತಟ್ಟೆನೇ ಮತ್ತೆ ಮತ್ತೆ ತೊಳೀತಾ ನಿಂತಿರ್ತಿದ್ದ. ಎಷ್ಟೋ ವಾರ ಆದ ಮೇಲೆ ನನ್ನ ತಲೆಗೆ ಹೊಳೀತು. ಅವನಿಗೆ ಯಾರೂ ಬಾ ಅಂತ ಬಲವಂತ ಮಾಡಿರ್ಲಿಲ್ಲ, ಹೋಗು ಅಂತಲೂ ಅಂದಿರ್ಲಿಲ್ಲ, ಆದ್ರೆ ಅಷ್ಟು ಮಕ್ಕಳ ಮಧ್ಯೆ ಅವನೊಬ್ಬನಿಗೆ ಇರೋಕೆ ಜಾಗ ಇರ್ಲಿಲ್ಲ. ದುಡ್ಡು ಎತ್ತೋದನ್ನ ನಿಲ್ಲಿಸಿದೆ. ಪೂಜೆ ನಿಲ್ಲಿಸೋಕೆ ನನ್ನಿಂದ ಆಗಲಿಲ್ಲ, ಊರವರು, ಎಸ್‌ಡಿಎಂಸಿಯವರು (ಪೋಷಕರು ಇರೋ ಶಾಲಾ ಸಮಿತಿ) ಒಪ್ಪಲಿಲ್ಲ, ನನಗೂ ಗಟ್ಟಿಯಾಗಿ ನಿಲ್ಲೋ ಧೈರ್ಯ ಬರಲಿಲ್ಲ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ನಾಳೆ ನೀವು ಹೆಡ್‌ಮಾಸ್ಟರ ಹತ್ರ ಹೋದಾಗ ಅವರು ಆ ಹುಡುಗಿಗೆ ಒಂದು ನಿಯಮ, ಉಳಿದವರಿಗೆ ಇನ್ನೊಂದು ನಿಯಮ ಅನ್ನೋ ಹಾಗೆ ಮಾಡಿದ್ರೆ ಆ ಮಗು ಪಾಲಿಗೆ ಶಾಲೆ ಮುಗಿದಂಗೇ.

ಈಗ ಮಾಡಬೇಕಾದ್ದು. ಸೋಮವಾರ ನೀವು, ನಿಮ್ಮನೆಯವರು ಇಬ್ರೇ ಹೋಗಿ. ಸ್ಟಾಫ್ ರೂಮಲ್ಲಿ ಎಲ್ಲರೆದುರು ಮಾತಾಡ್ಬೇಡಿ, ಹೆಡ್‌ಮಾಸ್ಟರ ರೂಮಲ್ಲಿ ಬಾಗಿಲು ಹಾಕ್ಕೊಂಡು ಹೇಳಿ. ಅರ್ಜಿ ಬರೀರಿ, ಆದ್ರೆ ಅದರಲ್ಲಿ ಮತಾಂತರ ಅನ್ನೋ ಪದ ಬೇಡ, ನಡೆದದ್ದಷ್ಟೇ ಬರೀರಿ: ಅಜ್ಜಿ ತೀರಿಕೊಂಡಿದಾರೆ, ಅವರ ಬಗ್ಗೆ ಹೆದರಿಸೋ ಮಾತು, ಮಗು ಬೇಡ ಅಂದ್ರೂ ನಿಂತಿಲ್ಲ, ರಾತ್ರಿ ನಿದ್ದೆ ಇಲ್ಲ. ಜಾಗ ಬದಲಾಯಿಸೋದಾದ್ರೆ ನಿಮ್ಮ ಮಗಳನ್ನ ಕೇಳಿ ಬದಲಾಯಿಸಿ, ಆ ಹುಡುಗಿನ ಎಬ್ಬಿಸಿ ಹಿಂದಿನ ಬೆಂಚಿಗೆ ಕಳಿಸಿದ್ರೆ ಅದು ಶಿಕ್ಷೆ ಥರ ಆಗುತ್ತೆ. ಬಿಇಒ (ತಾಲ್ಲೂಕಿನ ಶಿಕ್ಷಣಾಧಿಕಾರಿ) ಆಫೀಸು, ಎಸ್‌ಡಿಎಂಸಿ ಮೀಟಿಂಗು ಆಮೇಲಿನ ಮಾತು.

ವಕೀಲ_ದುರ್ಗ

ಮೇಷ್ಟ್ರು ಹೇಳಿದ್ದು ಸರಿ ಇದೆ, ನಾನು ಕಾನೂನಿನ ಭಾಗ ಅಷ್ಟೇ ಹೇಳ್ತೀನಿ, ಯಾಕಂದ್ರೆ ದುರ್ಗದ ಹುಡ್ಗ ಅವರ ಕಾಮೆಂಟ್ ನೋಡಿ ಜನ ನಾಳೆ ಸ್ಟೇಷನ್ನಿಗೆ ಹೋಗಿಬಿಡ್ತಾರೆ.

ಸಂವಿಧಾನದ 28ನೇ ವಿಧಿ ಪೂರ್ತಿ ಸರ್ಕಾರದ ದುಡ್ಡಲ್ಲಿ ನಡೆಯೋ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಕೂಡದು ಅಂತ ಹೇಳುತ್ತೆ. ಇದು ಶಾಲೆಗೆ, ಮೇಷ್ಟ್ರಿಗೆ ಹಾಕಿರೋ ಕಟ್ಟು. ಅನುದಾನಿತ, ಮಾನ್ಯತೆ ಪಡೆದ ಶಾಲೆಗಳಲ್ಲಿ ಕೂಡ ಯಾವ ವಿದ್ಯಾರ್ಥಿನೂ ಧಾರ್ಮಿಕ ಬೋಧನೆಗೆ, ಪೂಜೆಗೆ ಒಪ್ಪಿಗೆ ಇಲ್ಲದೆ ಕೂರಿಸೋ ಹಾಗಿಲ್ಲ, ಅಪ್ರಾಪ್ತರಾದ್ರೆ ಪೋಷಕರ ಒಪ್ಪಿಗೆ ಬೇಕು. ಮಗು ಮಗುವಿಗೆ ಹೇಳೋ ಮಾತು ಈ ವಿಧಿಯ ಕೆಳಗೆ ನೇರವಾಗಿ ಬರಲ್ಲ. ಅಲ್ಲಿ 25ನೇ ವಿಧಿ ಬರುತ್ತೆ, ತನ್ನ ಧರ್ಮ ಪಾಲಿಸೋಕೆ, ಪ್ರಚಾರ ಮಾಡೋಕೆ ಸ್ವಾತಂತ್ರ್ಯ, ಆದ್ರೆ ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು. 1977ರಲ್ಲಿ ಸ್ಟ್ಯಾನಿಸ್ಲಾಸ್ ಕೇಸಲ್ಲಿ ಸುಪ್ರೀಂ ಕೋರ್ಟು ಪ್ರಚಾರ ಅಂದ್ರೆ ನನ್ನ ಧರ್ಮದ ವಿಚಾರ ತಿಳಿಸೋ ಹಕ್ಕು, ಇನ್ನೊಬ್ಬನನ್ನ ನನ್ನ ಧರ್ಮಕ್ಕೆ ಸೇರಿಸೋ ಹಕ್ಕಲ್ಲ ಅಂತ ಹೇಳಿದೆ. ಯಾಕಂದ್ರೆ ಮನಸ್ಸಾಕ್ಷಿಯ ಸ್ವಾತಂತ್ರ್ಯ ಎದುರಿಗಿರೋನಿಗೂ ಅಷ್ಟೇ ಇದೆಯಲ್ಲ.

ಮಕ್ಕಳ ನಂಬಿಕೆ ಬಗ್ಗೆ ದೊಡ್ಡ ತೀರ್ಪು 1986ರ ಬಿಜೋ ಇಮ್ಯಾನ್ಯುಯಲ್ ಕೇಸು. ಕೇರಳದ ಮೂವರು ಮಕ್ಕಳು, ಯೆಹೋವನ ಸಾಕ್ಷಿಗಳು ಅನ್ನೋ ಪಂಥದವರು, ಶಾಲೆಯಲ್ಲಿ ರಾಷ್ಟ್ರಗೀತೆಗೆ ಎದ್ದು ನಿಲ್ತಿದ್ರು, ಹಾಡ್ತಿರ್ಲಿಲ್ಲ. ಶಾಲೆಯಿಂದ ತೆಗೆದು ಹಾಕಿದ್ರು. ಸುಪ್ರೀಂ ಕೋರ್ಟು ವಾಪಸ್ ಸೇರಿಸ್ಕೊಳ್ಳಿ ಅಂತು. ಆ ಮಕ್ಕಳು ಯಾರಿಗೂ ಅಡ್ಡಿ ಮಾಡಿರ್ಲಿಲ್ಲ, ಗೌರವವಾಗಿ ನಿಂತಿದ್ರು. ಮುಂದೆ ಬಟ್ಟೆ ವಿಚಾರ ಬಂದಾಗ, ಅಂದ್ರೆ ಹಿಜಾಬ್ ಕೇಸಲ್ಲಿ, ನಮ್ಮ ಹೈಕೋರ್ಟು 2022ರ ಮಾರ್ಚ್ 15ಕ್ಕೆ ಸಮವಸ್ತ್ರದ ಆದೇಶ ಎತ್ತಿಹಿಡೀತು, ಸುಪ್ರೀಂ ಕೋರ್ಟಲ್ಲಿ ಅದೇ ವರ್ಷ ಅಕ್ಟೋಬರ್ 13ಕ್ಕೆ ಇಬ್ಬರು ನ್ಯಾಯಮೂರ್ತಿಗಳು ಎರಡು ಥರ ತೀರ್ಪು ಕೊಟ್ರು.

ಇನ್ನು ಮತಾಂತರ ಕಾಯ್ದೆ. ಅದು ಬಲವಂತ, ಆಮಿಷ, ಮೋಸ ಇಂಥವುಗಳಿಂದ ಮತಾಂತರ ಮಾಡಿಸೋದರ ಬಗ್ಗೆ. ಅದನ್ನ ರದ್ದು ಮಾಡ್ತೀವಿ ಅಂತ 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನನೂ ಮಾಡಿತ್ತು. 13 ವರ್ಷದ ಹುಡುಗಿ ಗೆಳತಿಗೆ ಬೆಂಕಿಪೊಟ್ಣದಷ್ಟು ಪುಸ್ತಕ ಕೊಟ್ಟಿದ್ದನ್ನ ಅಲ್ಲಿಗೆ ಎಳೆದ್ರೆ ಏನಾಗುತ್ತೆ ಗೊತ್ತಾ? ನಿಮ್ಮ ಮಗಳ ಹೇಳಿಕೆ ತಗೋಬೇಕು, ಅವಳಿಗೆ ಅಜ್ಜಿ ಬೆಂಕಿ ಮಾತನ್ನ ಹತ್ತು ಸಲ ಹತ್ತು ಜನರ ಮುಂದೆ ಹೇಳಿಸ್ತಾರೆ. ಟಿಸಿ ವಿಚಾರಕ್ಕೆ ಬಂದ್ರೆ, ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ 8ನೇ ಕ್ಲಾಸ್ ಮುಗಿಯೋವರೆಗೆ ಮಗುನ ಶಾಲೆಯಿಂದ ಹೊರಗೆ ಹಾಕೋ ಹಾಗೇ ಇಲ್ಲ. ಮೈದುನನಿಗೆ ಇದನ್ನ ತೋರಿಸಿ.

ಹರಿಹರದವಳು

ಇದನ್ನ ಬರೀಬೇಕೋ ಬೇಡ್ವೋ ಅಂತ ಎರಡು ಸಲ ಟೈಪ್ ಮಾಡಿ ಅಳಿಸಿದೆ. ನಾನು ಆ ಪುಸ್ತಕ ಕೊಡ್ತಿದ್ದ ಹುಡುಗಿ. ಅಂದ್ರೆ ನಿಮ್ಮ ಮಗಳ ಗೆಳತಿ ಅಲ್ಲ, ಆದ್ರೆ ಅವಳ ವಯಸ್ಸಲ್ಲಿ ನಾನು ಅವಳೇ.

ಹರಿಹರ ಅಂದ ತಕ್ಷಣ ಎಲ್ಲರೂ ಆರೋಗ್ಯ ಮಾತೆ ಚರ್ಚ್ ಅಂತಾರೆ. ಸೆಪ್ಟೆಂಬರ್ ಹಬ್ಬಕ್ಕೆ ಅಲ್ಲಿ ಎಲ್ಲಾ ಜಾತಿಯವರೂ ಹರಕೆ ಹೊತ್ತು ಬರ್ತಾರೆ, ಮೇಣದಬತ್ತಿ ಹಚ್ತಾರೆ, ಹಂಗೇ ಹರಿಹರೇಶ್ವರನ ಗುಡಿಗೂ ಹೋಗಿ ಬರ್ತಾರೆ. ನಮ್ಮದು ಅದಲ್ಲ. ನಮ್ಮದು ಒಂದು ಶೀಟಿನ ಮನೆಯಲ್ಲಿ ನಡೀತಿದ್ದ ಚಿಕ್ಕ ಸಭೆ. ಅಮ್ಮಂಗೆ ಹುಷಾರಿಲ್ಲದಾಗ ಸಂಬಂಧಿಕರು ಯಾರೂ ಬಾಗಿಲಿಗೆ ಬರಲಿಲ್ಲ, ಆ ಸಭೆಯ ಹೆಂಗಸರು ಗಂಜಿ ಮಾಡಿ ತಂದು ಕೊಟ್ರು, ತಲೆ ಬಾಚಿದ್ರು. ಹಂಗೆ ನಾವು ಹೋಗಿದ್ದು. ಆಮಿಷ ಅಂತ ಕರಿಯೋರು ಕರೀರಿ, ನನಗೆ ಅದು ಗಂಜಿ.

ಭಾನುವಾರ ಮಕ್ಕಳ ಕ್ಲಾಸಲ್ಲಿ ಒಬ್ಬ ಅಣ್ಣ ಇದ್ರು, ತುಂಬಾ ಒಳ್ಳೆಯವರು. ನಿಮ್ಮ ಅತ್ಯಂತ ಇಷ್ಟದ ಗೆಳತಿ ಬಾವಿಗೆ ಬೀಳ್ತಿದ್ರೆ ಕೂಗಿ ಹೇಳ್ತೀರೋ ಇಲ್ವೋ ಅಂತ ಕೇಳ್ತಿದ್ರು. ಹೇಳ್ತೀವಿ ಅಣ್ಣ ಅಂತಿದ್ವಿ. ಹಾಗಾದ್ರೆ ಶಾಲೆಯಲ್ಲಿ ಯಾರಿಗೆ ಹೇಳಿದ್ರಿ, ಕೈ ಎತ್ತಿ ಅನ್ನೋರು. ಕೈ ಎತ್ತದಿದ್ದ ಭಾನುವಾರ ನನಗೆ ಊಟ ಸೇರ್ತಿರ್ಲಿಲ್ಲ. ನಾನು ನನ್ನ ಗೆಳತಿಗೆ ನರಕದ ಮಾತು ಹೇಳಿದ್ದು ಅವಳನ್ನ ನೋಯಿಸೋಕಲ್ಲ, ನಾನು ನಿಜವಾಗ್ಲೂ ಹೆದರಿದ್ದೆ, ಅವಳಿಲ್ಲದ ಸ್ವರ್ಗ ನನಗೆ ಬೇಡವಾಗಿತ್ತು, ರಾತ್ರಿ ನಾನೂ ಅಳ್ತಿದ್ದೆ. ಅಕ್ಕ, ನಿಮ್ಮ ಮಗಳ ಜೊತೆ ಆ ಹುಡುಗಿನೂ ನಿದ್ದೆ ಮಾಡ್ತಿರೋಲ್ಲ ಅಂತ ನನಗೆ ಅನ್ಸುತ್ತೆ.

ನನ್ನ ಗೆಳತಿ ಒಂದಿನ ಡೆಸ್ಕಿನ ಮೇಲೆ ಇದ್ದ ನನ್ನ ಪುಸ್ತಕ ವಾಪಸ್ ನನ್ನ ಬ್ಯಾಗಿಗೆ ಹಾಕಿ "ನೀನು ಪ್ರಾರ್ಥನೆ ಮಾಡು, ನನ್ನ ಹೆಸರೂ ಹೇಳು, ಬೇಡ ಅನ್ನಲ್ಲ, ಆದ್ರೆ ನಮ್ಮಪ್ಪನ ಬಗ್ಗೆ ಮಾತಾಡ್ಬೇಡ" ಅಂದ್ಲು. ಅವರಪ್ಪ ಇರ್ಲಿಲ್ಲ. ಅವತ್ತು ನನಗೆ ಅರ್ಥ ಆಯ್ತು ನಾನು ಎಲ್ಲಿ ಕಾಲಿಟ್ಟಿದೀನಿ ಅಂತ. ಮೇಷ್ಟ್ರು ಬೈದು ಅರ್ಥ ಮಾಡಿಸಿದ್ದಲ್ಲ. ಮೇಷ್ಟ್ರು ಬೈದಿದ್ರು ಕೂಡ, ಅಸೆಂಬ್ಲಿಯಲ್ಲಿ ನಿಲ್ಲಿಸಿ, ಅಕ್ಕಿಗೆ ಧರ್ಮ ಬಿಟ್ಟೋರು ಅಂತ. ಅಷ್ಟೂ ಮಕ್ಕಳ ಮುಂದೆ. ಆ ಮಾತಿಗೆ ಇವತ್ತಿಗೂ ಎದೆ ಸುಡುತ್ತೆ. ಅದಾದ ಮೇಲೆ ಪುಸ್ತಕ ಹಂಚೋದು ಜಾಸ್ತಿ ಮಾಡಿದೆ, ಹಠಕ್ಕೆ.

ನಾನು ಈಗಲೂ ನಂಬ್ತೀನಿ, ಭಾನುವಾರ ಹೋಗ್ತೀನಿ. ಆದ್ರೆ ಮಕ್ಕಳಿಗೆ ಕೈ ಎತ್ತಿಸಿ ಲೆಕ್ಕ ಕೇಳೋದು ತಪ್ಪು ಅಂತ ನಮ್ಮ ಸಭೆಯಲ್ಲೇ ಎದ್ದು ಹೇಳಿದೀನಿ. ನನ್ನ ಸಲಹೆ ಒಂದೇ, ಶಾಲೆಗೆ ಹೋಗೋಕೆ ಮುಂಚೆ ಭಾನುವಾರ ಆ ಹುಡುಗಿ ಅಮ್ಮನ ಹತ್ರ ಹೋಗಿ. ಮೈದುನನ್ನ ಕರ್ಕೊಂಡು ಹೋಗ್ಬೇಡಿ.

ದುರ್ಗದ_ಹುಡ್ಗ

ಹರಿಹರದ ಅಕ್ಕ, ಅಸೆಂಬ್ಲಿಲಿ ನಿಲ್ಲಿಸಿ ಅಂದದ್ದು ಓದಿ ಬೇಜಾರಾಯ್ತು, ಅದು ತಪ್ಪು. ಪೊಲೀಸ್ ಮಾತು ವಾಪಸ್ ತಗೋತೀನಿ. ಆದ್ರೆ ಆ ಕೈ ಎತ್ತಿಸೋ ದೊಡ್ಡೋರನ್ನ ಯಾರಾದ್ರೂ ಕೇಳ್ಬೇಕು ಅನ್ನೋದು ನನ್ನ ಮಾತು, ಅದನ್ನ ಬಿಡಲ್ಲ.

ಡಲ್ಲಾಸ್_ದಾವಣಗೆರೆ

ನಾನು ದಾವಣಗೆರೆಯಲ್ಲೇ ಇಂಜಿನಿಯರಿಂಗ್ ಓದಿ ಈಗ ಅಮೆರಿಕದ ಟೆಕ್ಸಾಸಲ್ಲಿ ಇರೋದು, ಮಗ ಇಲ್ಲಿನ ಸರ್ಕಾರಿ ಶಾಲೆ. ನಿಮ್ಮ ಮಗಳದ್ದೇ ಕತೆ ನಮ್ಮನೇಲಿ 5ನೇ ಕ್ಲಾಸಲ್ಲಿ ಆಯ್ತು. ಲಂಚ್ ಟೇಬಲ್ಲಲ್ಲಿ ಒಬ್ಬ ಹುಡುಗ "ನೀವು ಯಾವ ಚರ್ಚಿಗೆ ಹೋಗ್ತೀರ" ಅಂತ ಕೇಳಿ, ಇವನು ಹೋಗಲ್ಲ ಅಂದಿದ್ದಕ್ಕೆ ದಿನಾ ಅದೇ ಮಾತು. ಇಲ್ಲಿ ನಾವು ಕಮ್ಮಿ ಜನ, ಊರಲ್ಲಿ ಅವರು ಕಮ್ಮಿ ಜನ, ಅಷ್ಟೇ ವ್ಯತ್ಯಾಸ. ಆಗ ಕೂತು ನಿಯಮ ಓದಿದೆ, ಇಲ್ಲಿಂದು ಬೇರೆ ದೇಶದ ಕಾನೂನು, ಅಲ್ಲಿಗೆ ಅನ್ವಯ ಆಗಲ್ಲ, ಆದ್ರೂ ಹೇಳ್ತೀನಿ.

ಇಲ್ಲಿ ಮಗುವಿಗೆ ತುಂಬಾ ಸ್ವಾತಂತ್ರ್ಯ ಇದೆ, ಶಾಲೆಗೆ ತುಂಬಾ ಕಟ್ಟು ಇದೆ. 1962ರಲ್ಲಿ ಸುಪ್ರೀಂ ಕೋರ್ಟು ಸರ್ಕಾರ ಬರೆದುಕೊಟ್ಟ ಪ್ರಾರ್ಥನೆ ಶಾಲೆಯಲ್ಲಿ ಹೇಳಿಸೋ ಹಾಗಿಲ್ಲ ಅಂತು. 1969ರಲ್ಲಿ, ವಿಯೆಟ್ನಾಂ ಯುದ್ಧ ವಿರೋಧಿಸಿ ಕೈಗೆ ಕಪ್ಪು ಪಟ್ಟಿ ಕಟ್ಟಿದ್ದ ಮಕ್ಕಳ ಕೇಸಲ್ಲಿ, ವಿದ್ಯಾರ್ಥಿ ಶಾಲೆ ಗೇಟಿನೊಳಗೆ ಬಂದ ತಕ್ಷಣ ಮಾತಿನ ಸ್ವಾತಂತ್ರ್ಯ ಹೋಗಲ್ಲ, ಪಾಠಕ್ಕೆ ದೊಡ್ಡ ಅಡ್ಡಿ ಆಗ್ಬಾರ್ದು, ಇನ್ನೊಬ್ಬರ ಹಕ್ಕಿಗೆ ಕೈ ಹಾಕ್ಬಾರ್ದು ಅಷ್ಟೇ ಅಂತು. ಅದು ಧರ್ಮದ ಮಾತಿಗೂ ಅನ್ವಯ ಆಗುತ್ತೆ. 1984ರ ಒಂದು ಕಾನೂನಿನ ಪ್ರಕಾರ ಹೈಸ್ಕೂಲಲ್ಲಿ ಚೆಸ್ ಕ್ಲಬ್ಬು ಥರದ್ದಕ್ಕೆ ಜಾಗ ಕೊಟ್ರೆ ಮಕ್ಕಳೇ ನಡೆಸೋ ಬೈಬಲ್ ಕ್ಲಬ್ಬಿಗೂ ಕೊಡ್ಬೇಕು, ಹಿಂದೂ ಮಕ್ಕಳು ಕೇಳಿದ್ರೂ ಕೊಡ್ಬೇಕು. ಹಂಗೇ ಇಲ್ಲೇ ಟೆಕ್ಸಾಸಿಂದ ಹೋದ ಕೇಸಲ್ಲಿ, ಫುಟ್‌ಬಾಲ್ ಮ್ಯಾಚಿಗೆ ಮುಂಚೆ ಶಾಲೆ ಮೈಕಲ್ಲಿ ವಿದ್ಯಾರ್ಥಿ ಪ್ರಾರ್ಥನೆ ಹೇಳೋದು ಬೇಡ ಅಂತ 2000ನೇ ಇಸವಿಯಲ್ಲಿ ತೀರ್ಪು ಬಂತು, ಹೇಳೋನು ಹುಡುಗನೇ ಆದ್ರೂ ಮೈಕು ಶಾಲೆಯದ್ದು ಅಂತ.

ಇಲ್ಲೂ ಎಲ್ಲಾ ಸರಿ ಐತೆ ಅಂತ ಅಲ್ಲ, 2025ರಲ್ಲಿ ಟೆಕ್ಸಾಸ್ ಸರ್ಕಾರ ಪ್ರತಿ ಕ್ಲಾಸ್‌ರೂಮಲ್ಲಿ ಬೈಬಲಿನ ಹತ್ತು ಆಜ್ಞೆ ಹಾಕ್ಬೇಕು ಅಂತ ಕಾನೂನು ಮಾಡಿ ಅದು ಕೋರ್ಟಿಗೆ ಹೋಗಿದೆ. ಆದ್ರೆ ನನ್ನ ಮಗನ ವಿಚಾರಕ್ಕೆ ಟೀಚರ್ ಮಾಡಿದ್ದು ನನಗೆ ಹಿಡಿಸ್ತು. ಇಬ್ಬರನ್ನೂ ಬೇರೆ ಬೇರೆ ಕರೆದು ಮಾತಾಡಿದ್ರು. ಆ ಹುಡುಗನಿಗೆ "ನೀನು ದೇವರ ಬಗ್ಗೆ ಮಾತಾಡ್ಬೋದು, ಅವನು ಸಾಕು ಅಂದ ಮೇಲೆ ಮಾತಾಡಿದ್ರೆ ಅದು ಕಾಟ" ಅಂದ್ರಂತೆ. ನನ್ನ ಮಗನಿಗೆ "ಸಾಕು ಅನ್ನೋದು ಒರಟಲ್ಲ, ಅನ್ನು" ಅಂತ ಹೇಳಿಕೊಟ್ರು. ನಾವು ಮನೇಲಿ ಮಕ್ಕಳಿಗೆ ಎದುರು ಮಾತಾಡ್ಬೇಡ ಅಂತ ಹೇಳಿ ಹೇಳಿ ಬೇಡ ಅನ್ನೋಕೇ ಬರದಂಗೆ ಬೆಳೆಸಿರ್ತೀವಿ.

ಆಜಾದ್‌ನಗರ_ಅಬ್ಬಾ

ನನ್ನದು ಚಿಕ್ಕ ಮಾತು. 2022ರ ಫೆಬ್ರವರಿಯಲ್ಲಿ ಹಿಜಾಬ್ ಗಲಾಟೆ ಹೊತ್ತಲ್ಲಿ ಹರಿಹರದಲ್ಲಿ ಕಾಲೇಜ್ ಹತ್ರ ಕಲ್ಲು ಬಿದ್ದು, ಹರಿಹರ ದಾವಣಗೆರೆ ಎರಡೂ ಕಡೆ ನಿಷೇಧಾಜ್ಞೆ ಹಾಕಿದ್ದು, ರಾಜ್ಯದಲ್ಲಿ ಮೂರು ದಿನ ಹೈಸ್ಕೂಲು ಕಾಲೇಜು ಮುಚ್ಚಿದ್ದು ನಿಮಗೆಲ್ಲ ನೆನಪಿರುತ್ತೆ. ನನ್ನ ದೊಡ್ಡ ಮಗಳು ಆವಾಗ 10ನೇ ಕ್ಲಾಸು. ಗೇಟಿಗೆ ಹುಡುಗರು ಬಂದ್ರೆ ಏನಾಗುತ್ತೆ ಅಂತ ನಾವು ನೋಡಿದೀವಿ ತಂಗಿ. ಕೇಸರಿ ಶಾಲು ಹಾಕ್ಕೊಂಡು ಬಂದೋರಲ್ಲಿ ಅವಳ ಜೊತೆ ಪ್ರೈಮರಿಯಲ್ಲಿ ಓದಿದ ಹುಡುಗರೂ ಇದ್ರು, ನಮ್ಮನೆ ಈದ್ ಪಾಯಸ ಕುಡಿದ ಹುಡುಗರು. ಅವಳು ಪರೀಕ್ಷೆ ಬರೆದ್ಲು, ಪಾಸಾದ್ಲು, ಆದ್ರೆ ಅವರ ಜೊತೆ ಮತ್ತೆ ಮಾತಾಡ್ಲಿಲ್ಲ. ನಿಮ್ಮ ಮೈದುನನಿಗೆ ನನ್ನ ಪರವಾಗಿ ಹೇಳಿ, ಗೇಟಿಗೆ ಹೋಗೋದು ಬೇಡ ಅಂತ. ಮತ್ತೆ ನಿಮ್ಮ ಅತ್ತೆಯವರಿಗೆ ಅಲ್ಲಾಹ್ ಶಾಂತಿ ಕೊಡ್ಲಿ.

ನಿಟ್ಟುವಳ್ಳಿ_ಅಮ್ಮ

ಎಲ್ರಿಗೂ ಉತ್ತರ ಕೊಡೋಕೆ ಆಗ್ಲಿಲ್ಲ, ತಪ್ಪು ತಿಳ್ಕೋಬೇಡಿ. ಆಗಿದ್ದು ಹೇಳ್ತೀನಿ.

ಭಾನುವಾರ ಸಂಜೆ ನಾನೊಬ್ಬಳೇ ಆ ಹುಡುಗಿ ಮನೆಗೆ ಹೋದೆ. ಅವಳಮ್ಮ ಆಗ ತಾನೇ ಪ್ರಾರ್ಥನೆ ಮುಗಿಸ್ಕೊಂಡು ಬಂದು ಸೀರೆ ಕೂಡ ಬದಲಾಯಿಸಿರ್ಲಿಲ್ಲ. ನಾನು ಪುಸ್ತಕ ತೆಗೆದು ಕೈಗೆ ಕೊಟ್ಟು, ಅತ್ತೆ ವಿಚಾರ ಹೇಳಿದೆ. ಪುಸ್ತಕದ ವಿಚಾರಕ್ಕೆ ಏನೂ ಅನ್ನಲಿಲ್ಲ, ಅಜ್ಜಿ ಮಾತು ಕೇಳಿ ಮಾತ್ರ ಆ ಹೆಂಗಸು ಗೋಡೆಗೆ ಒರಗಿ ಕೂತುಬಿಟ್ಲು. ಯಾಕಂದ್ರೆ ಅವಳ ಗಂಡ ಕುಡಿದು ಹೊಡೆದ ರಾತ್ರಿಗಳಲ್ಲಿ ನಮ್ಮತ್ತೆನೇ ಬಾಗಿಲು ತೆಗೆದು ಒಳಗೆ ಕರ್ಕೊಂಡು ಮಲಗಿಸ್ತಿದ್ದಿದ್ದು, ಅದು ನನಗೂ ಮರೆತು ಹೋಗಿತ್ತು. ಮಗಳನ್ನ ಕರೆದು "ಆ ಅಜ್ಜಿ ಬಗ್ಗೆ ಹಂಗಂದೇನೇ" ಅಂತ ಕೇಳಿದ್ಲು. ಹುಡುಗಿ ಹೋಗಿ ಅಡಿಗೆಮನೆಯಲ್ಲಿ ನಿಂತು ಅಳ್ತಾ ಇತ್ತು, ನಾನೇ ಹೋಗಿ ಕರ್ಕೊಂಡು ಬಂದೆ.

ಹರಿಹರದ ತಂಗಿ ಹೇಳಿದ್ದು ನಿಜ. ಭಾನುವಾರದ ಕ್ಲಾಸಲ್ಲಿ ಹೆಸರು ಬರೆಸಿ ತನ್ನಿ ಅಂದಿದ್ರಂತೆ, ಇವಳಿಗೆ ನಮ್ಮ ಮಗಳು ಬಿಟ್ರೆ ಬೇರೆ ಗೆಳತಿ ಇಲ್ಲ. ಅವಳಮ್ಮ ಅಲ್ಲಿ ಕೇಳ್ತೀನಿ ಅಂದಿದಾಳೆ, ಕೇಳ್ತಾಳೋ ಇಲ್ವೋ ನನಗೆ ಗೊತ್ತಿಲ್ಲ, ಅವಳಿಗೂ ಅಲ್ಲಿಯವರ ಮುಲಾಜು ಇರುತ್ತಲ್ಲ.

ಸೋಮವಾರ ಮೇಷ್ಟ್ರು ಹೇಳಿದಂಗೆ ಬರೆದ ಅರ್ಜಿ ತಗೊಂಡು ನಾವಿಬ್ರೇ ಹೋದ್ವಿ. ಹೆಡ್‌ಮಾಸ್ಟರು ಮೊದಲು ಆ ಹುಡುಗಿನ ಕರೆಸ್ತೀನಿ ಅಂತ ಎದ್ರು, ನಾನು ಬೇಡ ಸರ್, ಇಬ್ರನ್ನೂ ಬೇರೆ ಬೇರೆ ಕರೆಸಿ, ಎಲ್ಲಾ ಕ್ಲಾಸಿಗೂ ಒಂದೇ ಮಾತು ಹೇಳಿ ಅಂದೆ. ಒಪ್ಕೊಂಡ್ರು. ಹೊರಗೆ ಬರುವಾಗ ನೋಟಿಸ್ ಬೋರ್ಡಲ್ಲಿ ಶುಕ್ರವಾರದ ಪೂಜೆಗೆ ತಲಾ 20 ರೂಪಾಯಿ ತನ್ನಿ ಅಂತ ಚಾಕ್‌ಪೀಸಲ್ಲಿ ಬರೆದಿತ್ತು. ಇಷ್ಟು ವರ್ಷ ನಾನೇ ಕೊಟ್ಟು ಕಳಿಸಿದೀನಿ, ಆ ಹುಡುಗಿ ಮನೆಯಿಂದ ಆ 20 ರೂಪಾಯಿ ಹೆಂಗೆ ಬರ್ತಿತ್ತು ಅಂತ ಒಂದಿನನೂ ಯೋಚನೆ ಮಾಡಿರ್ಲಿಲ್ಲ. ನಮ್ಮನೆಯವರು ಅದನ್ನ ಓದಿದ್ರು, ನನ್ನ ಮುಖ ನೋಡಿದ್ರು. ಮುಂದಿನ ಪೋಷಕರ ಮೀಟಿಂಗಲ್ಲಿ ಅದನ್ನ ನಾನು ಎತ್ತಬೇಕು ಅಂತಿದೀನಿ, ಮೇಷ್ಟ್ರೇ ಆವಾಗ ಮತ್ತೆ ನಿಮ್ಮ ಹತ್ರ ಬರ್ತೀನಿ.

ಮಗಳು ಜಾಗ ಬದಲಾಯಿಸೋದು ಬೇಡ ಅಂದ್ಲು. ಅಲ್ಲೇ ಕೂರ್ತಾ ಇದಾಳೆ. ಇವತ್ತು ಡಬ್ಬಿಗೆ ಎರಡು ರೊಟ್ಟಿ ಜಾಸ್ತಿ ಹಾಕು ಅಂತ ಅವಳೇ ಕೇಳಿದ್ಲು. ಮೈದುನ ಮಾತ್ರ ಇನ್ನೂ ನನ್ನ ಹತ್ರ ಮಾತಾಡ್ತಿಲ್ಲ.